ರಾ ಫೈಲ್ ತಿದ್ದಲು ಯಾವ ತಂತ್ರಾಂಶ? ಲೈಟ್‌ರೂಮ್ ಕೊಳ್ಳಲೇಬೇಕೇ, ಉಚಿತದ್ದು ಸಾಕೇ?

ಪ್ರಶ್ನೆ: ಇತ್ತೀಚೆಗೆ ರಾ (ಸೆನ್ಸರಿನ ಅಳತೆ ಹಾಗೇ ಉಳಿಯುವ ಫೈಲ್) ತೆಗೆಯಲು ಶುರುಮಾಡಿದ್ದೇನೆ. ಎಲ್ಲರೂ ಲೈಟ್‌ರೂಮ್ ತಗೊಳ್ಳಿ ಅನ್ನುತ್ತಾರೆ, ಆದರೆ ಚಂದಾ ಕಟ್ಟುತ್ತಲೇ ಇರಬೇಕು. ಉಚಿತ ಅಂತ ಡಾರ್ಕ್‌ಟೇಬಲ್ ಹಾಕಿಕೊಂಡೆ. ಕ್ಯಾಮೆರಾ ಪರದೆಯಲ್ಲಿ ಚೆನ್ನಾಗಿದ್ದ ಚಿತ್ರ ಅದರಲ್ಲಿ ತೆರೆದರೆ ಮಂಕಾಗಿ ಕಾಣುತ್ತದೆ. ಉಚಿತ ತಂತ್ರಾಂಶದ ಗುಣಮಟ್ಟವೇ ಅಷ್ಟೇನಾ? ನಾನು ಯಾವುದನ್ನು ಆರಿಸಲಿ?

ಉತ್ತರ: ಗುಣಮಟ್ಟಕ್ಕೂ ಆ ಮಂಕಿಗೂ ಸಂಬಂಧವಿಲ್ಲ. ಅದರ ಕಾರಣ ಮುಂದೆ ಹೇಳುತ್ತೇವೆ. ಆಯ್ಕೆಯ ಮಾತು ಮೊದಲು: ಮದುವೆ, ಸಮಾರಂಭ ಎಂದು ಒಂದೇ ಸಲಕ್ಕೆ ನೂರಾರು ಚಿತ್ರ ಮುಗಿಸಿ ಕೊಡಬೇಕಾದವರು ಲೈಟ್‌ರೂಮ್ ಕ್ಲಾಸಿಕ್‌ಗೋ ಕ್ಯಾಪ್ಚರ್ ಒನ್‌ಗೋ ಹಾಕುವ ಹಣ ದಂಡವಲ್ಲ, ಉಳಿಯುವ ಗಂಟೆಗಳಲ್ಲಿ ಅದು ವಾಪಸು ಬರುತ್ತದೆ. ವಾರಕ್ಕೆ ಹತ್ತಿಪ್ಪತ್ತು ಚಿತ್ರಗಳನ್ನು ಕೂತು ತಿದ್ದುವವರಿಗೆ ಡಾರ್ಕ್‌ಟೇಬಲ್ ಅಥವಾ ರಾಥೆರಪಿ ಧಾರಾಳ ಸಾಕು. ಹೆಚ್ಚು ತಿದ್ದುವುದು ಬೇಡ, ಕ್ಯಾಮೆರಾ ಕೊಡುವ ಬಣ್ಣವೇ ಬೇಕು ಅನ್ನುವವರು ಮೊದಲು ಕಂಪನಿಯೇ ಉಚಿತವಾಗಿ ಕೊಡುವುದನ್ನು ಹಾಕಿ ನೋಡಲಿ: ಕ್ಯಾನನ್‌ಗೆ ಡಿಜಿಟಲ್ ಫೋಟೋ ಪ್ರೊಫೆಷನಲ್, ನಿಕಾನ್‌ಗೆ ಎನ್‌ಎಕ್ಸ್ ಸ್ಟುಡಿಯೊ, ಸೋನಿಗೆ ಇಮೇಜಿಂಗ್ ಎಡ್ಜ್. ಫ್ಯೂಜಿಫಿಲ್ಮ್‌ನ ಎಕ್ಸ್ ರಾ ಸ್ಟುಡಿಯೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯುಎಸ್‌ಬಿ ತಂತಿಯಲ್ಲಿ ಜೋಡಿಸಿದ ಕ್ಯಾಮೆರಾದೊಳಗಿನ ಪ್ರೊಸೆಸರಿನಿಂದಲೇ ಚಿತ್ರ ತಯಾರಿಸುತ್ತದೆ. ಹಾಗಾಗಿ ಆ ಕ್ಯಾಮೆರಾ ಕೈಯಲ್ಲಿಲ್ಲದಿದ್ದರೆ ಅದರಿಂದ ಉಪಯೋಗವಿಲ್ಲ.

ಈಗ ಮಂಕಿನ ವಿಷಯ. ಸಾಮಾನ್ಯ ಸೆನ್ಸರಿನ ಒಂದೊಂದು ಚುಕ್ಕಿಯೂ ಒಂದೇ ಬಣ್ಣವನ್ನು ಅಳೆಯುತ್ತದೆ. ಅರ್ಧದಷ್ಟು ಚುಕ್ಕಿಗಳು ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ರಾ ಫೈಲಿನಲ್ಲಿ ಈ ಅಳತೆ ಹಾಗೇ ಕೂತಿರುತ್ತದೆ, 14 ಬಿಟ್ ಆದರೆ ಪ್ರತಿ ಚುಕ್ಕಿಗೂ 16,384 ಮೆಟ್ಟಿಲುಗಳಲ್ಲಿ. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ ಉಳಿಯುವುದು 256 ಮಾತ್ರ. ಕ್ಯಾಮೆರಾದ ಬೆನ್ನಿನ ಪರದೆಯಲ್ಲಿ ನೀವು ನೋಡಿದ್ದು ರಾ ಫೈಲಿನೊಳಗೆ ಹುದುಗಿಸಿಟ್ಟ ಪುಟ್ಟ ಜೆಪೆಗ್. ಅದಕ್ಕೆ ಕಂಪನಿಯ ಕರ್ವ್ (ಬೆಳಕು ನೆರಳಿನ ಹೊಂದಾಣಿಕೆ), ಬಣ್ಣ, ಶಾರ್ಪ್‌ನೆಸ್ ಎಲ್ಲ ಬಿದ್ದಾಗಿದೆ. ಡಾರ್ಕ್‌ಟೇಬಲ್ ಅದನ್ನು ಪಕ್ಕಕ್ಕಿಟ್ಟು ಅಳತೆಯಿಂದಲೇ ಶುರುಮಾಡುತ್ತದೆ. ಎಕ್ಸ್‌ಪೋಷರ್ ಮಾಡ್ಯೂಲಿನಲ್ಲಿ ತಾನಾಗಿ 0.7 ಇವಿ (1 ಇವಿ ಅಥವಾ ಒಂದು ಸ್ಟಾಪ್ ಏರಿಸಿದರೆ ಬೆಳಕು ಎರಡು ಪಟ್ಟು) ಏರಿಸಿಕೊಳ್ಳುತ್ತದೆ, ನಿಜ. ಆದರೆ ಎಲ್ಲ ಕ್ಯಾಮೆರಾಕ್ಕೂ ಅಷ್ಟು ಸಾಲದು. ಮುಖದ ಅಥವಾ ಮುಖ್ಯ ವಸ್ತುವಿನ ಬೆಳಕು ಸರಿ ಅನ್ನಿಸುವವರೆಗೆ ಅದನ್ನು 1ಕ್ಕೋ 1.3ಕ್ಕೋ ಏರಿಸಿ, ಹೊಳಪಿನ ಜಾಗ ಬಿಳಿಚಿಕೊಂಡರೂ ಆಗ ಮುಟ್ಟಬೇಡಿ. ಅದನ್ನು ಹಿಡಿಯುವ ಕೆಲಸ ಅದರ ನಂತರ ಬರುವ ಫಿಲ್ಮಿಕ್ ಅಥವಾ ಸಿಗ್ಮಾಯ್ಡ್‌ನದು. ಹೊಸಬರಿಗೆ ಸಿಗ್ಮಾಯ್ಡ್ ಸುಲಭ, ಸರಿಪಡಿಸಬೇಕಾದ ಗುಂಡಿಗಳು ಕಡಿಮೆ. ಹೊಂದಿದ ಅಂಕಿಯನ್ನು ಪ್ರಿಸೆಟ್ ಆಗಿ ಉಳಿಸಿ, ಆ ಕ್ಯಾಮೆರಾ ಮಾದರಿಗೆ ತಾನಾಗಿ ಅನ್ವಯವಾಗುವಂತೆ ಗುರುತು ಹಾಕಿಟ್ಟರೆ ಪ್ರತಿಸಲ ಈ ಗೋಳಿಲ್ಲ.

ರಾಥೆರಪಿ ಇದನ್ನು ಇನ್ನೊಂದು ದಾರಿಯಲ್ಲಿ ಬಗೆಹರಿಸುತ್ತದೆ. ಅದರ ಆಟೋ ಮ್ಯಾಚ್ಡ್ ಟೋನ್ ಕರ್ವ್ ಫೈಲಿನೊಳಗಿನ ಜೆಪೆಗ್ ನೋಡಿ ಅದಕ್ಕೆ ಹೊಂದುವ ಕರ್ವನ್ನು ತಾನೇ ಬರೆದುಕೊಳ್ಳುತ್ತದೆ. ಕ್ಯಾಮೆರಾದಲ್ಲಿ ಕಂಡ ಹಾಗೇ ಶುರುವಾಗಲಿ ಅನ್ನುವವರಿಗೆ ಉಚಿತದವುಗಳಲ್ಲಿ ಇದನ್ನೇ ಮೊದಲು ಹೇಳುತ್ತೇವೆ.

ಇಷ್ಟಾದರೂ ಒಂದು ಸ್ಟಾಪ್ ಕತ್ತಲೆ ಉಳಿದರೆ ಕ್ಯಾಮೆರಾದ ಮೆನು ನೋಡಿ. ಕ್ಯಾನನ್‌ನ ಹೈಲೈಟ್ ಟೋನ್ ಪ್ರಯಾರಿಟಿ ಮತ್ತು ಫ್ಯೂಜಿಯ ಡಿಆರ್200, ಡಿಆರ್400 ಆಯ್ಕೆಗಳು ರಾವನ್ನೇ ಬೇಕೆಂದೇ ಕಡಿಮೆ ಬೆಳಕಿನಲ್ಲಿ ದಾಖಲಿಸಿ, ಆಮೇಲೆ ಜೆಪೆಗ್ ಮಾಡುವಾಗ ಏರಿಸುತ್ತವೆ. ಕಂಪನಿಯ ತಂತ್ರಾಂಶಕ್ಕೆ ಈ ಗುಟ್ಟು ಗೊತ್ತು, ಹೊರಗಿನದಕ್ಕೆ ಎಷ್ಟೋ ಸಲ ಗೊತ್ತಿರುವುದಿಲ್ಲ. ರಾ ಮಾತ್ರ ಬಳಸುವವರು ಇವನ್ನು ಆಫ್ ಮಾಡಿಡುವುದೇ ಒಳ್ಳೆಯದು.

ಡಾರ್ಕ್‌ಟೇಬಲ್‌ನಲ್ಲಿ ಹೊಸಬರು ಎಡವುವ ಇನ್ನೊಂದು ಜಾಗ ವೈಟ್ ಬ್ಯಾಲೆನ್ಸ್. ಅಲ್ಲಿ ವೈಟ್ ಬ್ಯಾಲೆನ್ಸ್, ಕಲರ್ ಕ್ಯಾಲಿಬ್ರೇಷನ್ ಎಂದು ಎರಡು ಮಾಡ್ಯೂಲ್‌ಗಳಿವೆ. ಎರಡನೆಯದನ್ನು ಬಳಸುವಾಗ ಮೊದಲನೆಯದು ಕ್ಯಾಮೆರಾ ರೆಫರೆನ್ಸ್ ಅಥವಾ, ಹೊಸ ಆವೃತ್ತಿಗಳಲ್ಲಿ, ಆಸ್ ಶಾಟ್ ಟು ರೆಫರೆನ್ಸ್ ಎಂಬಲ್ಲೇ ಇರಬೇಕು. ಹಳೆ ಅಭ್ಯಾಸದಂತೆ ಮೊದಲನೆಯದನ್ನು ಎಳೆದಾಡಿದರೆ ಒಂದೇ ತಿದ್ದುಪಡಿ ಎರಡು ಸಲ ಬಿದ್ದು ಚರ್ಮದ ಬಣ್ಣ ಕೆಡುತ್ತದೆ. ಮಾಡ್ಯೂಲಿನ ಮೇಲೆ ಎಚ್ಚರಿಕೆ ಕಾಣಿಸಿಕೊಂಡರೆ ಕಾರಣ ಇದೇ.

ಆರಿಸುವ ಮೊದಲು ಪರೀಕ್ಷೆ ಮಾಡಿ. ಹಣ ಕೊಡುವ ತಂತ್ರಾಂಶಗಳಿಗೂ ಕೆಲವು ದಿನದ ಉಚಿತ ಅವಧಿ ಇರುತ್ತದೆ. ಚೆಂದದ ಚಿತ್ರ ತೆರೆದರೆ ಎಲ್ಲವೂ ಚೆಂದವೇ, ಅದರಿಂದ ಏನೂ ತಿಳಿಯದು. ನಿಮ್ಮಲ್ಲಿರುವ ಅತಿ ಕಷ್ಟದ ನಾಲ್ಕು ಫೈಲ್ ತೆಗೆದುಕೊಳ್ಳಿ.

ಒಂದು, ಸಣ್ಣ ನೇಯ್ಗೆಯ ಬಟ್ಟೆ. ಇಳಕಲ್ ಸೀರೆಯ ದಡಿಯನ್ನು ತುಸು ದೂರದಿಂದ ಹರಿತವಾದ ಲೆನ್ಸಿನಲ್ಲಿ ತೆಗೆದು 100% ಹಿಗ್ಗಿಸಿ ನೋಡಿ. ನೇಯ್ಗೆಯ ಎಳೆಗಳು ಸೆನ್ಸರಿನ ಚುಕ್ಕಿಗಳಷ್ಟೇ ಸಣ್ಣದಾದಾಗ ಇಲ್ಲದ ಹಸಿರು, ನೇರಳೆ ಗೆರೆಗಳು ಹಾವಿನಂತೆ ಹರಿದಾಡುತ್ತವೆ. ಬಿಟ್ಟುಹೋದ ಬಣ್ಣಗಳನ್ನು ಅಕ್ಕಪಕ್ಕದ ಚುಕ್ಕಿ ನೋಡಿ ತುಂಬುವ ಡಿಮೊಸೈಕ್ ಹಂತದಲ್ಲಿ ಹುಟ್ಟುವ ದೋಷ ಇದು. ರಾಥೆರಪಿಯಲ್ಲಿ ಇದಕ್ಕೆ ಬೇಕಾದಷ್ಟು ವಿಧಾನಗಳಿವೆ: ಕಡಿಮೆ ಐಎಸ್‌ಒಗೆ ಅಮೇಜ್, ನಾಯ್ಸ್ (ಕಾಳುಕಾಳಾಗಿ ಕಾಣುವ ದೋಷ) ಹೆಚ್ಚಿದ್ದರೆ ಎಲ್‌ಎಂಎಂಎಸ್‌ಇ, ಫ್ಯೂಜಿಯ ಎಕ್ಸ್‌ಟ್ರಾನ್ಸ್ ಸೆನ್ಸರಿಗೆ 3 ಪಾಸ್. ಜೊತೆಗೆ ಫಾಲ್ಸ್ ಕಲರ್ ಸಪ್ರೆಶನ್ ಎಂಬ 0ಯಿಂದ 5ರವರೆಗಿನ ಮಾಪನವಿದೆ, ಸಾಮಾನ್ಯವಾಗಿ 1 ಅಥವಾ 2 ಸಾಕು. ಹೆಚ್ಚಿಸಿದಷ್ಟೂ ನಿಜವಾದ ಬಣ್ಣದ ಎಳೆಗಳೂ ಮಾಸುತ್ತವೆ.

ಎರಡು, ನೀಲಿ ಎಲ್‌ಇಡಿ ಬಿದ್ದ ವೇದಿಕೆ. ಯಕ್ಷಗಾನದ ವೇಷಧಾರಿಯ ಮುಖದ ಮೇಲೆ ಈ ಬೆಳಕು ನೇರ ಬಿದ್ದರೆ ಬಣ್ಣಗಾರಿಕೆಯ ಗೆರೆಗಳೆಲ್ಲ ಅಳಿಸಿ ಒಂದೇ ನೀಲಿ ತೇಪೆ ಉಳಿಯುತ್ತದೆ. ಡಾರ್ಕ್‌ಟೇಬಲ್‌ನಲ್ಲಿ ಕಲರ್ ಕ್ಯಾಲಿಬ್ರೇಷನ್‌ನ ಗ್ಯಾಮಟ್ ಕಂಪ್ರೆಶನ್ ಏರಿಸಿ. ಲೈಟ್‌ರೂಮ್‌ನಲ್ಲಿ ಕ್ಯಾಲಿಬ್ರೇಷನ್ ಫಲಕದ ನೀಲಿ ಪ್ರೈಮರಿಯ ಸ್ಯಾಚುರೇಷನ್ ಇಳಿಸಿ. ಗೆರೆಗಳು ಮರಳಿ ಬಂದರೆ ಮಾಹಿತಿ ರಾದಲ್ಲಿತ್ತು ಎಂದರ್ಥ. ಬರದಿದ್ದರೆ ನೀಲಿ ಚಾನೆಲ್ ತೆಗೆಯುವಾಗಲೇ ತುಂಬಿ ಚೆಲ್ಲಿದೆ, ಅದನ್ನು ಯಾವ ತಂತ್ರಾಂಶವೂ ಮರಳಿಸದು. ಮುಂದಿನ ಸಲ ಕ್ಯಾಮೆರಾದಲ್ಲಿ ಬರೀ ಬಿಳಿ ಹಿಸ್ಟೋಗ್ರಾಮ್ ಬದಲು ಮೂರು ಬಣ್ಣದ ಹಿಸ್ಟೋಗ್ರಾಮ್ ನೋಡಿ.

ಮೂರು, ಐಎಸ್‌ಒ 6400 ಅಥವಾ ಅದಕ್ಕೂ ಮೇಲಿನದು. ನಮ್ಮ ಅಭಿಪ್ರಾಯದಲ್ಲಿ ಹಣ ಕೊಟ್ಟವು ಸ್ಪಷ್ಟವಾಗಿ ಮುಂದಿರುವುದು ಇಲ್ಲಿ ಮಾತ್ರ. ಡಿಎಕ್ಸ್‌ಒ ಫೋಟೋಲ್ಯಾಬ್‌ನ ಡೀಪ್‌ಪ್ರೈಮ್, ಲೈಟ್‌ರೂಮ್‌ಗೆ 2023ರಲ್ಲಿ ಬಂದ ಡಿನಾಯ್ಸ್ ಎರಡೂ ರಾ ಹಂತದಲ್ಲೇ ಕೆಲಸ ಮಾಡುತ್ತವೆ. ಮುಂಜಾವಿನ ಮಬ್ಬಿನಲ್ಲಿ ನಾಗರಹೊಳೆಯಲ್ಲಿ ತೆಗೆದ ಹಕ್ಕಿಯ ಗರಿಯಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಬೆಲೆ ಬೇರೆ ಕಡೆ ತೆರಬೇಕು: ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಒಂದೊಂದು ಚಿತ್ರಕ್ಕೂ ಕಾಯುತ್ತ ಕೂರಬೇಕಾಗುತ್ತದೆ. ಡಿಎಕ್ಸ್‌ಒದಿಂದ ಹೊರತೆಗೆದ ಲೀನಿಯರ್ ಡಿಎನ್‌ಜಿಯಲ್ಲಿ (ಡಿಎನ್‌ಜಿ ಅಡೋಬಿಯ ರಾ ರೂಪ) ಪ್ರತಿ ಚುಕ್ಕಿಗೂ ಮೂರೂ ಬಣ್ಣ ಇರುವುದರಿಂದ ಫೈಲ್ ಮೂಲಕ್ಕಿಂತ ಎಷ್ಟೋ ಪಟ್ಟು ಉಬ್ಬುತ್ತದೆ. ಡಾರ್ಕ್‌ಟೇಬಲ್‌ನ ಡಿನಾಯ್ಸ್ ಪ್ರೊಫೈಲ್ಡ್ ಕೂಡ ಕೆಟ್ಟದ್ದಲ್ಲ. ಪ್ರತಿ ಕ್ಯಾಮೆರಾದ ಪ್ರತಿ ಐಎಸ್‌ಒಗೆ ಅಳೆದಿಟ್ಟ ನಾಯ್ಸ್ ಲೆಕ್ಕದ ಮೇಲೆ ಅದು ನಡೆಯುತ್ತದೆ. ನಿಮ್ಮ ಮಾದರಿಯ ಲೆಕ್ಕ ಪಟ್ಟಿಯಲ್ಲಿದೆಯೇ ಎಂದು ಮಾಡ್ಯೂಲಿನಲ್ಲೇ ಕಾಣುತ್ತದೆ.

ನಾಲ್ಕನೆಯದು ನಿಮ್ಮ ಅತಿ ಅಗಲದ ಲೆನ್ಸಿನಲ್ಲಿ ತೆಗೆದ ಕಟ್ಟಡ. ಅಂಚಿನ ಕಂಬ ನೆಟ್ಟಗಾಗುತ್ತದೆಯೇ ನೋಡಿ. ಡಾರ್ಕ್‌ಟೇಬಲ್, ರಾಥೆರಪಿ ಎರಡೂ ಲೆನ್ಸ್‌ಫನ್ ಎಂಬ ದತ್ತಸಂಚಯ ನೋಡುತ್ತವೆ, ಹೊಚ್ಚ ಹೊಸ ಲೆನ್ಸ್ ಅದರಲ್ಲಿ ಇಲ್ಲದಿರಬಹುದು. ರಾಥೆರಪಿಗೆ ಅಡೋಬಿಯ ಲೆನ್ಸ್ ತಿದ್ದುಪಡಿ ಪ್ರೊಫೈಲನ್ನೂ (ಎಲ್‌ಸಿಪಿ) ಕೊಡಬಹುದು.

ಪರೀಕ್ಷೆಯಷ್ಟೇ ಮುಖ್ಯವಾದ, ಆದರೆ ಕೊಳ್ಳುವಾಗ ಯಾರೂ ಕೇಳದ ಪ್ರಶ್ನೆ ಒಂದಿದೆ: ನೀವು ಗಂಟೆಗಟ್ಟಲೆ ಮಾಡಿದ ತಿದ್ದುಪಡಿ ಎಲ್ಲಿ ಉಳಿಯುತ್ತದೆ? ರಾ ಫೈಲಿನ ಅಳತೆಯನ್ನು ಇವು ಯಾವುವೂ ಬದಲಿಸುವುದಿಲ್ಲ. ಮಾಡಿದ ಕೆಲಸದ ಪಟ್ಟಿಯನ್ನು ಹೆಚ್ಚಿನವು ಬೇರೆ ಕಡೆ ಬರೆದಿಡುತ್ತವೆ. ಲೈಟ್‌ರೂಮ್ ಕ್ಲಾಸಿಕ್ ಅದನ್ನು ಕ್ಯಾಟಲಾಗ್ ಫೈಲಿನಲ್ಲಿ ಇಡುತ್ತದೆ. ಕ್ಯಾಟಲಾಗಿನ ಬ್ಯಾಕಪ್ ಅಂದರೆ ಚಿತ್ರಗಳ ಬ್ಯಾಕಪ್ ಅಲ್ಲ, ಇದನ್ನು ತಪ್ಪು ತಿಳಿದು ಚಿತ್ರ ಕಳೆದುಕೊಂಡವರು ಬಹಳ. ಕ್ಯಾಟಲಾಗ್ ಸೆಟ್ಟಿಂಗ್ಸ್‌ನ ಮೆಟಾಡೇಟಾದಲ್ಲಿ ಎಕ್ಸ್‌ಎಂಪಿ ಎಂಬ ಪುಟ್ಟ ಮಾಹಿತಿ ಫೈಲಿಗೆ ತಾನಾಗಿ ಬರೆಯುವ ಆಯ್ಕೆಗೆ ಗುರುತು ಹಾಕಿ, ಆಗ ಪಟ್ಟಿ ಚಿತ್ರದ ಪಕ್ಕದಲ್ಲೂ ಇರುತ್ತದೆ. ಡಾರ್ಕ್‌ಟೇಬಲ್ ತನ್ನ ದತ್ತಸಂಚಯದ ಜೊತೆಗೆ ಪ್ರತಿ ರಾ ಪಕ್ಕದಲ್ಲೂ ಒಂದು ಎಕ್ಸ್‌ಎಂಪಿ ಇಡುತ್ತದೆ, ರಾಥೆರಪಿ ಪಿಪಿ3 ಇಡುತ್ತದೆ. ಎನ್‌ಎಕ್ಸ್ ಸ್ಟುಡಿಯೊ ಅದೇ ಜಾಗದಲ್ಲಿ ಎನ್‌ಕೆಎಸ್‌ಸಿ ಪ್ಯಾರಮ್ ಎಂಬ ಫೋಲ್ಡರ್ ಮಾಡುತ್ತದೆ. ಯಾವುದೋ ಬೇಡದ ಫೋಲ್ಡರ್ ಅಂದುಕೊಂಡು ಅದನ್ನು ಅಳಿಸಿದರೆ ಕೆಲಸವೆಲ್ಲ ಹೋಯಿತು. ರಾ ಫೈಲನ್ನು ಹೆಸರು ಬದಲಿಸುವುದು, ಬೇರೆಡೆ ಸಾಗಿಸುವುದು ಏನಿದ್ದರೂ ಆ ತಂತ್ರಾಂಶದ ಒಳಗಿನಿಂದಲೇ ಮಾಡಿ.

ಒಂದರಲ್ಲಿ ತಿದ್ದಿದ್ದು ಇನ್ನೊಂದರಲ್ಲಿ ಹಾಗೇ ತೆರೆಯುವುದಿಲ್ಲ. ನಕ್ಷತ್ರದ ಅಂಕ, ಕೀವರ್ಡ್ ದಾಟಿ ಬರುತ್ತವೆ, ಬಣ್ಣದ ಕೆಲಸ ಬರುವುದಿಲ್ಲ. ಕೀವರ್ಡನ್ನು ಕನ್ನಡದಲ್ಲೇ ಬರೆಯಬಹುದು, ಎಕ್ಸ್‌ಎಂಪಿ ಯುಟಿಎಫ್8 ಆದ್ದರಿಂದ ಕೆಡುವುದಿಲ್ಲ. ಚಿತ್ರದ ಮಾಹಿತಿ ಬರೆಯುವ ಹಳೆಯ ಪದ್ಧತಿಯಾದ ಐಪಿಟಿಸಿ ಜಾಗದಲ್ಲಿ ಮಾತ್ರ ಒಂದು ಕೀವರ್ಡಿಗೆ 64 ಬೈಟ್ ಮಿತಿ. ಕನ್ನಡದ ಒಂದೊಂದು ಅಕ್ಷರಕ್ಕೂ, ಗುಣಿತ ಚಿಹ್ನೆಗೂ 3 ಬೈಟ್ ಬೇಕು, ಒತ್ತಿಗೆ ಇನ್ನೂ ಹೆಚ್ಚು, ಅಂದರೆ 21 ಚಿಹ್ನೆಗಳಾಚೆ ಕತ್ತರಿ ಬೀಳಬಹುದು. ಚಂದಾ ನಿಲ್ಲಿಸಿದ ಮೇಲೂ ಲೈಟ್‌ರೂಮ್ ಕ್ಲಾಸಿಕ್ ತೆರೆದು ಚಿತ್ರಗಳನ್ನು ನೋಡಬಹುದು, ಎಕ್ಸ್‌ಪೋರ್ಟ್ ಮಾಡಬಹುದು. ಡೆವಲಪ್ ಮತ್ತು ಮ್ಯಾಪ್ ಮುಚ್ಚಿಕೊಳ್ಳುತ್ತವೆ. ಬೇರೆಯದಕ್ಕೆ ಹೋಗುವ ಮೊದಲು ಮುಖ್ಯ ಚಿತ್ರಗಳನ್ನು 16 ಬಿಟ್ ಟಿಫ್ ಆಗಿ ಹೊರತೆಗೆದಿಡಿ. 24 ಮೆಗಾಪಿಕ್ಸೆಲ್‌ನ ಒಂದು ಚಿತ್ರ ಕಂಪ್ರೆಸ್ ಮಾಡದಿದ್ದರೆ ಸುಮಾರು 144 ಎಂಬಿ ಆಗುತ್ತದೆ, ಹಾಗಾಗಿ ಎಲ್ಲವನ್ನೂ ಅಲ್ಲ, ಆಯ್ದವನ್ನು. ರಾ ಮೂಲವನ್ನಂತೂ ಅಳಿಸಲೇಬೇಡಿ. ವನ್ಯಜೀವಿ, ನಿಸರ್ಗ ವಿಭಾಗದ ಸ್ಪರ್ಧೆಗಳಲ್ಲಿ ಅದನ್ನು ಕೇಳುವುದುಂಟು.

ಕ್ಯಾಮೆರಾ ಹೊಸದಾದರೆ ಇನ್ನೊಂದು ತೊಡಕು. ಕ್ಯಾನನ್‌ನ ಸಿಆರ್3 ಎಂಬ ರಾ ರೂಪ ಬಂದಿದ್ದು 2018ರಲ್ಲಿ, ಡಾರ್ಕ್‌ಟೇಬಲ್ ಅದನ್ನು ತೆರೆಯಲು ಕಲಿತಿದ್ದು 2021ರ ಕೊನೆಗೆ. ಅಡೋಬಿಯ ಡಿಎನ್‌ಜಿ ಕನ್ವರ್ಟರ್ ಉಚಿತ, ಹೊಸ ರಾವನ್ನು ಡಿಎನ್‌ಜಿ ಮಾಡಿ ಹಳೆ ತಂತ್ರಾಂಶದಲ್ಲಿ ತೆರೆಯಬಹುದು. ಆದರೆ ಆ ಡಿಎನ್‌ಜಿಯನ್ನು ಕ್ಯಾಮೆರಾ ಕಂಪನಿಯ ತಂತ್ರಾಂಶ ಮತ್ತೆ ಮುಟ್ಟುವುದಿಲ್ಲ, ಮೂಲವನ್ನೂ ಇಟ್ಟುಕೊಳ್ಳಿ. ನಿಕಾನ್ ಝಡ್8, ಝಡ್9 ಇರುವವರು ಉಚಿತ ತಂತ್ರಾಂಶ ಬಳಸುವುದಾದರೆ ಮೆನುವಿನಲ್ಲಿ ರಾ ರೆಕಾರ್ಡಿಂಗ್ ಅನ್ನು ಹೈ ಎಫಿಶಿಯನ್ಸಿ ಬಿಟ್ಟು (ಆ ರೂಪವನ್ನು ಅವು ತೆರೆಯದಿರಬಹುದು) ಲಾಸ್‌ಲೆಸ್ ಕಂಪ್ರೆಶನ್‌ಗೆ ತನ್ನಿ. ಫೈಲ್ ದೊಡ್ಡದಾಗುತ್ತದೆ, ಕಾರ್ಡ್ ಬೇಗ ತುಂಬುತ್ತದೆ. ಆದರೆ ಕಾಡಿಗೆ ಹೋಗುವ ಮೊದಲೇ ಇದನ್ನು ಬದಲಿಸಿರಬೇಕು, ತೆಗೆದಾದ ಫೈಲನ್ನು ಕ್ಯಾಮೆರಾದಲ್ಲಿ ಆ ರೂಪಕ್ಕೆ ತರಲಾಗದು.