ಹಚ್ಚೆ ಹೊತ್ತ ಅಭ್ಯರ್ಥಿ

ಹಗರಣವನ್ನು ಗೆರೆಯಲ್ಲಿ ಹಿಡಿಯುವುದು ಕಷ್ಟ. ಮನೆಗಳ್ಳನಾದರೆ ಕನ್ನ ಕೊರೆದ ಗೋಡೆ, ಹೆಗಲ ಮೇಲೊಂದು ಗಂಟು ಬರೆದರಾಯಿತು. ರೈಲ್ವೆ ಬಾಂಡು, ಕಮಿಷನ್ನು, ಸ್ಪೀಕರ್ ಕುರ್ಚಿಯಿಂದ ಬಂದ ರೂಲಿಂಗು ಇವಕ್ಕೆಲ್ಲ ಮುಖವೆಲ್ಲಿದೆ? ರಾಜಕೀಯ ವ್ಯಂಗ್ಯಚಿತ್ರ ಬರೆಯುವ ನಾನು ಈ ತೊಡಕಿಗೆ ಸಿಕ್ಕಾಗಲೆಲ್ಲ 1884ರ ಜೂನ್ 4ರ, ಅಮೆರಿಕದ 'ಪಕ್' ಎಂಬ ಹಾಸ್ಯ ವಾರಪತ್ರಿಕೆಯ ನಡುಪುಟ ನೋಡುತ್ತೇನೆ.

ಅದನ್ನು ಬರೆದವನು ಬರ್ನಾರ್ಡ್ ಗಿಲ್ಲಮ್. ಗುರಿ, ಆ ವರ್ಷ ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷಗಿರಿಗೆ ನಿಂತ ಜೇಮ್ಸ್ ಜಿ. ಬ್ಲೇನ್. ಅಮೆರಿಕದ ಪ್ರತಿನಿಧಿ ಸಭೆಯ ಸ್ಪೀಕರ್ ಆಗಿದ್ದಾಗ ಲಿಟ್ಲ್ ರಾಕ್ ರೈಲು ಕಂಪನಿಗೆ ನೆರವಾಗಿ, ಆಮೇಲೆ ಅದೇ ಕಂಪನಿಯ ಬಾಂಡುಗಳನ್ನು ಮಾರಿ ಕಮಿಷನ್ ಪಡೆದನೆಂಬುದು ಅವನ ಮೇಲಿನ ಆರೋಪ. ಅದಕ್ಕೆ ಸಾಕ್ಷಿಯಾಗಿದ್ದ ಪತ್ರಗಳು, ಅವನ್ನು ಇಟ್ಟುಕೊಂಡಿದ್ದ ಗುಮಾಸ್ತನ ಹೆಸರಿನಲ್ಲಿ, 'ಮಲ್ಲಿಗನ್ ಪತ್ರಗಳು' ಎಂದೇ ಕುಖ್ಯಾತವಾದವು. ಇಷ್ಟನ್ನು ವಿವರಿಸಲು ಪತ್ರಿಕೆಗಳಿಗೆ ಪುಟಗಟ್ಟಲೆ ಬೇಕಾಗಿತ್ತು.

ಗಿಲ್ಲಮ್ ಫ್ರೆಂಚ್ ಕಲಾವಿದ ಜೆರೋಮ್‌ನ 1861ರ ಚಿತ್ರವೊಂದನ್ನು ಎತ್ತಿಕೊಂಡ. ಅದರಲ್ಲಿ ಗ್ರೀಕ್ ಸುಂದರಿ ಫ್ರೈನೆಯ ವಸ್ತ್ರವನ್ನು ಅವಳ ವಕೀಲನೇ ನ್ಯಾಯಾಧೀಶರೆದುರು ಸೆಳೆಯುತ್ತಾನೆ. ಅವಳ ಚೆಲುವಿಗೆ ಅವರು ದಂಗಾಗುತ್ತಾರೆ. ಗಿಲ್ಲಮ್‌ನ ಚಿತ್ರದಲ್ಲಿ ನಿಂತವನು ಬ್ಲೇನ್, ಬಟ್ಟೆ ಸೆಳೆಯುವವನು ಅವನ ಬೆಂಬಲಿಗ, ನ್ಯೂಯಾರ್ಕ್ ಟ್ರಿಬ್ಯೂನ್ ಸಂಪಾದಕ ವೈಟ್‌ಲಾ ರೀಡ್. ಸುತ್ತ ಕೂತವರು ರಿಪಬ್ಲಿಕನ್ ಪಕ್ಷದ ಘಟಾನುಘಟಿಗಳು. ಬಟ್ಟೆ ಜಾರಿದಾಗ ಕಾಣುವುದು ಮೈತುಂಬ ಹಚ್ಚೆ: ಲಂಚ, ಲಿಟ್ಲ್ ರಾಕ್, ಮಲ್ಲಿಗನ್ ಪತ್ರಗಳು. ಎಂಟು ವರ್ಷ ಹಿಂದೆ ಪಕ್ಷದ ಸಮಾವೇಶದಲ್ಲಿ ಇದೇ ಬ್ಲೇನ್‌ನನ್ನು ಶಿರಸ್ತ್ರಾಣಕ್ಕೆ ಗರಿ ಸಿಕ್ಕಿಸಿಕೊಂಡ ವೀರಯೋಧ ಎಂದು ಹೊಗಳಲಾಗಿತ್ತು. ಆ ಯೋಧನ ಕವಚ ಕಳಚಿದ್ದೇ ಇಲ್ಲಿಯ ಕುಹಕ.

ಹಚ್ಚೆಯ ಉಪಾಯ ಎಷ್ಟು ಚುರುಕು ನೋಡಿ. ಆರೋಪವನ್ನು ಫಲಕದ ಮೇಲೆ ಬರೆದು ಪಕ್ಕದಲ್ಲಿ ನಿಲ್ಲಿಸಿದ್ದರೆ ಮುಂದಿನ ವಾರಕ್ಕೆ ಅದು ಮರೆತುಹೋಗುತ್ತಿತ್ತು. ಚರ್ಮಕ್ಕೇ ಇಳಿಸಿದ್ದರಿಂದ, ಬ್ಲೇನ್ ಆಮೇಲೆ ಎಷ್ಟೇ ಒಳ್ಳೆಯ ಕೋಟು ತೊಟ್ಟರೂ ಓದುಗ ಒಳಗಿನದನ್ನು ನೆನೆದು ನಗುತ್ತಿದ್ದ. ಪಕ್ ಆ ಇಡೀ ಚುನಾವಣೆಯಲ್ಲಿ ಹಚ್ಚೆಯ ಬ್ಲೇನ್‌ನನ್ನು ಮತ್ತೆ ಮತ್ತೆ ತಂದಿತು.

ಇದರಲ್ಲಿ ಮುದ್ರಣದ ಪಾಲೂ ಇದೆ. ಜೋಸೆಫ್ ಕೆಪ್ಲರ್ ಕಟ್ಟಿದ ಪಕ್‌ನ ಚಿತ್ರಗಳು ಕಲ್ಲಚ್ಚಿನವು. ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪ, ಬಣ್ಣಕ್ಕೊಂದು ಕಲ್ಲು. ಹಾಗಾಗಿ ಚರ್ಮ ಚರ್ಮದಂತೆಯೇ ಕಾಣುತ್ತದೆ, ಅಕ್ಷರ ಅದರ ಮೇಲೆ ಎದ್ದು ನಿಲ್ಲುತ್ತದೆ. ಹಾರ್ಪರ್ಸ್ ವೀಕ್ಲಿಯ ಥಾಮಸ್ ನಾಸ್ಟ್ 1871ರಲ್ಲಿ ನ್ಯೂಯಾರ್ಕಿನ ಭ್ರಷ್ಟ ರಾಜಕಾರಣಿ ಬಾಸ್ ಟ್ವೀಡ್ ಮೇಲೆ ಬಿದ್ದಾಗ ಅವನ ಕೈಲಿದ್ದದ್ದು ಮರದ ಅಚ್ಚು. ಅಡ್ಡಗೆರೆ ಉದ್ದಗೆರೆಗಳ ಆ ಕಾಡಿನಲ್ಲಿ ಹಚ್ಚೆ ಕಳೆದೇಹೋಗುತ್ತಿತ್ತು. ನಾಸ್ಟ್ ದೊಡ್ಡ ಆಕಾರಗಳನ್ನೇ ನಂಬಿದ: ಟ್ವೀಡ್‌ನ ಡೊಳ್ಳುಹೊಟ್ಟೆಯ ಮೇಲೆ ತಲೆಯ ಬದಲು ಹಣದ ಚೀಲ, ಕಣ್ಣು ಮೂಗಿನ ಜಾಗದಲ್ಲಿ ಡಾಲರ್ ಗುರುತು. ಜೈಲಿನಿಂದ ಪರಾರಿಯಾದ ಟ್ವೀಡ್ 1876ರಲ್ಲಿ ಸ್ಪೇನಿನಲ್ಲಿ ಸಿಕ್ಕಿಬಿದ್ದದ್ದೂ ನಾಸ್ಟ್‌ನ ಚಿತ್ರದಿಂದಲೇ ಎನ್ನುತ್ತಾರೆ. ಆ ಚಿತ್ರದಲ್ಲಿ ಅವನು ಇಬ್ಬರು ಹುಡುಗರನ್ನು ಹಿಡಿದುಕೊಂಡಿದ್ದ. ಅಲ್ಲಿಯವರು ಮಕ್ಕಳ ಕಳ್ಳನೆಂದುಕೊಂಡರಂತೆ!

1884ರಲ್ಲಿ ಎದುರಾಳಿಗಳೂ ಸುಮ್ಮನಿರಲಿಲ್ಲ. ಡೆಮಾಕ್ರಟ್ ಅಭ್ಯರ್ಥಿ ಗ್ರೋವರ್ ಕ್ಲೀವ್‌ಲೆಂಡ್‌ಗೆ ಮದುವೆಯಾಚೆಗಿನ ಮಗುವಿದೆ ಎಂಬ ಸುದ್ದಿ ಹಿಡಿದು 'ಜಡ್ಜ್' ಪತ್ರಿಕೆ, ಅಪ್ಪ ಬೇಕೆಂದು ಚೀರುವ ಕೂಸನ್ನು ಬರೆಸಿತು. ಚಿತ್ರ ಚೆನ್ನಾಗಿದೆ, ಆದರೆ ನಾಟಲಿಲ್ಲ. ಇರುವ ವಿಷಯ ಹೇಳಿಬಿಡಿ ಎಂದು ಕ್ಲೀವ್‌ಲೆಂಡ್ ತನ್ನವರಿಗೆ ಮೊದಲೇ ತಿಳಿಸಿದ್ದ. ಸೆಳೆಯಲು ಬಟ್ಟೆಯೇ ಇರಲಿಲ್ಲ.

ಬ್ಲೇನ್ ನ್ಯೂಯಾರ್ಕ್ ರಾಜ್ಯವನ್ನು ಸುಮಾರು 1,100 ಮತಗಳಿಂದ ಕಳೆದುಕೊಂಡ, ಅದರೊಂದಿಗೆ ಅಧ್ಯಕ್ಷಗಿರಿಯನ್ನೂ. ನನ್ನ ವೃತ್ತಿಯವರು ಇದನ್ನು ಗೆರೆಯ ಗೆಲುವೆಂದು ಹೇಳಿಕೊಳ್ಳುವುದುಂಟು. ನಾನು ಅಷ್ಟು ದೂರ ಹೋಗಲಾರೆ. ಹಚ್ಚೆಯ ಚಿತ್ರ ಬಂದ ವಾರದಲ್ಲೇ ಪಕ್ಷ ಅವನಿಗೆ ಟಿಕೆಟ್ ಕೊಟ್ಟಿತ್ತು. ಮತದಾನಕ್ಕೆ ಆರು ದಿನವಿರುವಾಗ ಅವನ ಸಭೆಯಲ್ಲಿ ಪಾದ್ರಿಯೊಬ್ಬ ಕ್ಯಾಥೊಲಿಕರನ್ನು ಹಂಗಿಸಿ ಐರಿಷ್ ಮತಗಳನ್ನು ಕೆಡಿಸಿದ್ದ. ಇನ್ನು ಗಿಲ್ಲಮ್, ಎರಡೇ ವರ್ಷದಲ್ಲಿ ಪಕ್ ಬಿಟ್ಟು ರಿಪಬ್ಲಿಕನ್ನರ ಪರವಾದ ಅದೇ ಜಡ್ಜ್‌ಗೆ ಸೇರಿಕೊಂಡ.