ಬೆನಿನ್ ಬ್ರಾಂಜ್ ವಾಪಸ್ ಬಂತು ಸರಿ, ಇಡೋದೆಲ್ಲಿ?

2025ರ ನವೆಂಬರ್‌ನಲ್ಲಿ ನೈಜೀರಿಯಾದ ಬೆನಿನ್ ಸಿಟಿಲಿ ಪಶ್ಚಿಮ ಆಫ್ರಿಕಾ ಹೆಸರಿನ ಹೊಸ ಮ್ಯೂಸಿಯಂ ಶುರುವಾಗೋ ಹೊತ್ತಿಗೆ ಜನ ಒಳಗೆ ನುಗ್ಗಿ ಕಾರ್ಯಕ್ರಮಾನೇ ನಿಂತೋಯ್ತು. ಯಾಕೆ ಅಂತ ತಿಳೀಬೇಕಂದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು. (ಪಕ್ಕದ ಬೆನಿನ್ ದೇಶ ಬೇರೆ, ಇದು ಎಡೊ ಜನರ ಊರು, ಗೂಗಲ್ ಮಾಡೋರು ಇಲ್ಲೇ ಎಡವೋದು.)

ಬೆನಿನ್ ಬ್ರಾಂಜ್ ಅಂದ್ರೆ ಈ ಊರಿನ ಅರಮನೇಲಿದ್ದ ಎರಕದ ತಲೆಗಳು, ಅಂಥ ಸಾಮಾನು. ಹೆಸರು ಬ್ರಾಂಜ್ ಅಂತಿದ್ರೂ ಬಹುಪಾಲು ಹಿತ್ತಾಳೆ. ಪೋರ್ಚುಗೀಸರು ವ್ಯಾಪಾರಕ್ಕೆ ತಂದ ಹಿತ್ತಾಳೆ ಬಳೆಗಳನ್ನೂ ಕರಗಿಸಿ ಎರಕ ಹೊಯ್ತಿದ್ರು. ಒಬಾ ಅಂದ್ರೆ ಅಲ್ಲಿನ ರಾಜ, ಅವನು ತೀರ್ಕೊಂಡ್ಮೇಲೆ ಪಟ್ಟಕ್ಕೆ ಬಂದ ಮಗ ಅರಮನೇಲಿ ಅಪ್ಪನ ಹೆಸರಲ್ಲಿ ಒಂದು ಜಗಲಿ ಕಟ್ಟಿಸಿ ಹಿತ್ತಾಳೆ ತಲೆ ಇಡಿಸ್ತಿದ್ದ, ಆ ತಲೆಯ ನೆತ್ತೀಲಿ ತೂತು, ಅದರಲ್ಲಿ ಕೆತ್ತನೆ ಮಾಡಿದ ಆನೆದಂತ, ಪಕ್ಕದಲ್ಲಿ ಹಿರಿಯರನ್ನ ಕರೆಯೋಕೆ ಗಂಟೆ. ಹಿರಿಯರಿಗೆ ಎಡೆ ಇಡೋ ನಮಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ. ಎರಕದ ಕೆಲಸ ಇಗುನ್ ಬೀದಿ ಮನೆತನಗಳದ್ದು. ಮಣ್ಣಿನ ಮುದ್ದೆ ಮೇಲೆ ಮೇಣ ಮೆತ್ತಿ ಮೂಗು ಕಣ್ಣು ತಿದ್ದಿ, ಮತ್ತೆ ಮಣ್ಣು ಬಳಿದು ಕಾಯಿಸಿದ್ರೆ ಮೇಣ ಕರಗಿ ಹೊರಗೆ, ಆ ಖಾಲಿ ಜಾಗಕ್ಕೆ ಲೋಹ. ಒಂದು ಅಚ್ಚಿಗೆ ಒಂದೇ ತಲೆ, ಒಡೆದ್ರೆ ಮುಗೀತು.

1897ರ ಜನವರೀಲಿ ಅರಮನೇಲಿ ಇಗುಎ ಆಚರಣೆ, ಹೊರಗಿನವರನ್ನ ಒಬಾ ನೋಡೋ ಹಾಗಿಲ್ಲ. ಬೇಡ ಅಂದ್ರೂ ಹೊರಟ ಬ್ರಿಟಿಷ್ ತಂಡದ ಮೇಲೆ ದಾರೀಲಿ ದಾಳಿ ಆಯ್ತು. ಫೆಬ್ರವರೀಲಿ ಸೇನೆ ಬಂದು ಊರನ್ನೇ ಸುಟ್ಟಿತು, ಒಬಾ ಒವೊನ್‌ರಾಮ್ವೆನ್‌ನ ಕಲಬಾರ್‌ಗೆ ಗಡೀಪಾರು ಮಾಡಿದ್ರು, ಜಗಲಿ ಮೇಲಿನ ಸಾವಿರಾರು ಸಾಮಾನು ಲಂಡನ್, ಬರ್ಲಿನ್ ಸೇರ್ತು. ಅದಾದ್ಮೇಲೆ ಸುಮಾರು ನೂರಿಪ್ಪತ್ತು ವರ್ಷ ಕೊಡಿ, ಕೊಡಲ್ಲ.

2022ರಲ್ಲಿ ಜರ್ಮನಿ ಸಾವಿರಕ್ಕೂ ಹೆಚ್ಚು ವಸ್ತುಗಳ ಹಕ್ಕನ್ನ ನೈಜೀರಿಯಾಗೆ ಬಿಟ್ಟುಕೊಡ್ತು, 2025ರಲ್ಲಿ ನೆದರ್ಲೆಂಡ್ಸ್ 119 ವಾಪಸ್ ಕೊಡ್ತು. ಬ್ರಿಟಿಷ್ ಮ್ಯೂಸಿಯಂ ಮಾತ್ರ ತನ್ನ ಸಂಗ್ರಹದ್ದನ್ನ ಸುಲಭಕ್ಕೆ ಬಿಟ್ಟುಕೊಡೋ ಹಾಗಿಲ್ಲ ಅನ್ನೋ 1963ರ ಕಾಯ್ದೆ ತೋರಿಸ್ತಾ ಕೂತಿದೆ. ಅಷ್ಟರಲ್ಲಿ 2023ರಲ್ಲಿ ಆಗಿನ ಅಧ್ಯಕ್ಷ ಬುಹಾರಿ, ಇವುಗಳ ಒಡೆಯ ಒಬಾನೇ ಅಂತ ಆದೇಶ ಹೊರಡಿಸಿದ್ರು. ಹಾಗಾದ್ರೆ ಪಶ್ಚಿಮ ಆಫ್ರಿಕಾ ಹೆಸರಿನ ಮ್ಯೂಸಿಯಂ ಯಾಕೆ, ಬೆನಿನ್ ರಾಯಲ್ ಮ್ಯೂಸಿಯಂ ಅನ್ನಿ ಅಂತ ಗಲಾಟೆ ಮಾಡಿದವರ ಪಟ್ಟು. ದುಡ್ಡು ಹಾಕಿದವರು ಒಂದು ಹೇಳ್ತಾರೆ, ಅರಮನೆ ಕಡೆಯವರು ಇನ್ನೊಂದು. ಕಲೆ ಅಂದ್ಕೊಂಡ್ರೆ ಗಾಜಿನ ಪೆಟ್ಟಿಗೆ ಸಾಕು, ಅಪ್ಪನ ತಲೆ ಅಂದ್ಕೊಂಡವರಿಗೆ ಸಾಕಾಗುತ್ತಾ?

ಇಗುನ್ ಬೀದೀಲಿ ಈಗಲೂ ಎರಕ ನಿಂತಿಲ್ಲ. ಹಳೇ ನಲ್ಲಿ, ಗುಜರಿ ಹಿತ್ತಾಳೆ ಕರಗಿಸಿ ಅದೇ ಒಬಾನ ತಲೆ ಹೊಯ್ದು ಟೂರಿಸ್ಟ್‌ಗಳಿಗೆ ಮಾರ್ತಾರೆ.