ಅಂಡರ್‌ಸ್ಟಿಯರ್: ಮುಂದಿನ ದೋಷಕ್ಕೆ ಹಿಂದಿನ ಮದ್ದು

ತಿರುವಿನಲ್ಲಿ ಸ್ಟಿಯರಿಂಗ್ ಅನ್ನು ಎಷ್ಟು ತಿರುಗಿಸಿದ್ದೇವೋ ಅಷ್ಟು ತಿರುಗದೆ, ಕಾರು ತನ್ನ ಮೂತಿಯನ್ನು ತಿರುವಿನ ಹೊರಬದಿಗೆ ಚಾಚಿಕೊಂಡು ಸಾಗುವ ಸ್ಥಿತಿಗೆ ಅಂಡರ್‌ಸ್ಟಿಯರ್ ಎಂದು ಹೆಸರು. ಇನ್ನಷ್ಟು ಖಚಿತವಾಗಿ ಹೇಳಬೇಕಾದರೆ ಸ್ಲಿಪ್ ಆಂಗಲ್ ಎಂಬ ಇನ್ನೊಂದು ಮಾತು ಬೇಕಾಗುತ್ತದೆ. ಟೈರು ಮುಖ ಮಾಡಿರುವ ದಿಕ್ಕಿಗೂ ಅದು ನಿಜವಾಗಿ ಸಾಗುತ್ತಿರುವ ದಿಕ್ಕಿಗೂ ನಡುವೆ ಇರುವ ಕೋನವೇ ಸ್ಲಿಪ್ ಆಂಗಲ್. ಮುಂದಿನ ಟೈರುಗಳಲ್ಲಿ ಈ ಕೋನ ಹಿಂದಿನವುಗಳಿಗಿಂತ ಹೆಚ್ಚಾದರೆ ಅದು ಅಂಡರ್‌ಸ್ಟಿಯರ್. ಹಿಂದಿನವುಗಳಲ್ಲಿ ಹೆಚ್ಚಾಗಿ ಕಾರಿನ ಬಾಲ ಹೊರಗೆ ಬರಲು ನೋಡಿದರೆ ಓವರ್‌ಸ್ಟಿಯರ್. ಮುಂದಿನ ಟೈರುಗಳು ಹಿಡಿತದ ಅಂಚಿಗೆ ಬಂದಾಗ ಸ್ಟಿಯರಿಂಗ್ ಕೈಯಲ್ಲಿ ಇದ್ದಕ್ಕಿದ್ದಂತೆ ಹಗುರವಾಗುತ್ತದೆ. ಹೊಸಬರು ಆ ಹಗುರನ್ನು ಗಮನಿಸದೆ ಸ್ಟಿಯರಿಂಗ್ ಅನ್ನು ಮತ್ತಷ್ಟು ತಿರುಗಿಸುತ್ತಾರೆ, ಟೈರು ಮತ್ತಷ್ಟು ಕಿರುಚುತ್ತದೆ, ಕಾರು ಮಾತ್ರ ಹೋಗುತ್ತಿದ್ದ ಕಡೆಗೇ ಹೋಗುತ್ತದೆ.

ಫ್ರಂಟ್ ವೀಲ್ ಡ್ರೈವ್ ಸಣ್ಣ ಕಾರುಗಳಿಗೆ ಇದು ಹುಟ್ಟುಗುಣ. ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡೂ ಮುಂದೆಯೇ ಇರುವುದರಿಂದ ಒಟ್ಟು ತೂಕದ ಶೇಕಡ 60ಕ್ಕೂ ಹೆಚ್ಚು ಭಾಗ ಸಾಮಾನ್ಯವಾಗಿ ಮುಂದಿನ ಚಕ್ರಗಳ ಮೇಲೆಯೇ ಕೂತಿರುತ್ತದೆ. ತಿರುಗಿಸುವ ಕೆಲಸ, ಎಳೆಯುವ ಕೆಲಸ, ಬ್ರೇಕಿನ ಬಹುಪಾಲು ಕೆಲಸ ಮೂರೂ ಆ ಎರಡು ಟೈರುಗಳದ್ದೇ. ಟೈರಿನ ಹಿಡಿತವೆಂಬುದು ಒಂದೇ ಗಂಟಿನ ಹಣವಿದ್ದಂತೆ: ಎಳೆಯಲು ಖರ್ಚಾದದ್ದು ತಿರುಗಿಸಲು ಸಿಗುವುದಿಲ್ಲ. ಇದರ ಮೇಲೆ ತಯಾರಕರೂ ಬೇಕೆಂದೇ ಕಾರನ್ನು ಅಂಡರ್‌ಸ್ಟಿಯರ್ ಕಡೆಗೆ ವಾಲಿಸಿರುತ್ತಾರೆ, ಏಕೆಂದರೆ ಹೆದರಿದ ಚಾಲಕ ಮೊದಲು ಮಾಡುವುದು ಆಕ್ಸಿಲರೇಟರ್‌ನಿಂದ ಕಾಲು ತೆಗೆಯುವುದು, ಮತ್ತು ಅಷ್ಟರಿಂದಲೇ ಇಂಥ ಕಾರಿನ ಮೂತಿ ದಾರಿಗೆ ಮರಳುತ್ತದೆ. ರಸ್ತೆಗೆ ಇದು ಸರಿಯಾದ ನಿರ್ಧಾರ. ಕೋನ್‌ಗಳ ನಡುವೆ ಗಡಿಯಾರದೊಡನೆ ಸ್ಪರ್ಧಿಸುವ ಆಟೋಕ್ರಾಸ್‌ಗೆ ಅಲ್ಲ.

ಮುಂದಿನ ಹಿಡಿತ ಸಾಲದು ಎಂದ ಕೂಡಲೇ ಮುಂದಿನ ಸ್ಪ್ರಿಂಗ್ ಬಿಗಿ ಮಾಡಬೇಕೆಂದು ಅನಿಸುವುದು ಸಹಜ. ಪರಿಣಾಮ ಮಾತ್ರ ತಿರುಗುಮುರುಗು. ಕಾರಣ ಟೈರಿನ ಒಂದು ವಿಚಿತ್ರ ಗುಣದಲ್ಲಿದೆ: ಮೇಲಿನ ಭಾರ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತದೆ, ಆದರೆ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಲೆಕ್ಕಕ್ಕೆಂದು ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ಮುಂದಿನ ಎರಡು ಟೈರುಗಳ ಮೇಲೆ ತಲಾ 300 ಕೆ.ಜಿ. ಭಾರವಿದ್ದು, ಎರಡೂ ತಲಾ 300 ಕೆ.ಜಿ.ಯಷ್ಟು ಅಡ್ಡ ಬಲ ಕೊಡುತ್ತವೆ ಎಂದಿಟ್ಟುಕೊಂಡರೆ ಒಟ್ಟು 600. ತಿರುವಿನಲ್ಲಿ ಭಾರ ಹೊರಗಿನ ಟೈರಿಗೆ ಸರಿದು ಅಲ್ಲಿ 500, ಒಳಗೆ 100 ಆಯಿತು ಎನ್ನೋಣ. ಹೊರಗಿನದು 500ರ ಬದಲು 450 ಕೊಟ್ಟೀತು, ಒಳಗಿನದು 110 ಕೊಟ್ಟೀತು, ಒಟ್ಟು 560. ಭಾರ ಅಷ್ಟೇ ಇದೆ, ಹಿಡಿತ 40 ಕಡಿಮೆಯಾಗಿದೆ. ಅಂದರೆ ಯಾವ ಆಕ್ಸಲ್‌ನಲ್ಲಿ (ಮುಂದಿನ ಇಲ್ಲವೇ ಹಿಂದಿನ ಚಕ್ರಜೋಡಿಯಲ್ಲಿ) ಭಾರ ಒಂದು ಬದಿಯಿಂದ ಇನ್ನೊಂದು ಬದಿಗೆ ಹೆಚ್ಚು ಸರಿಯುತ್ತದೆಯೋ ಆ ಆಕ್ಸಲ್ ಹೆಚ್ಚು ಹಿಡಿತ ಕಳೆದುಕೊಳ್ಳುತ್ತದೆ.

ಒಟ್ಟು ಎಷ್ಟು ಭಾರ ಸರಿಯಬೇಕೆಂಬುದನ್ನು ಕಾರಿನ ತೂಕ, ಗುರುತ್ವ ಕೇಂದ್ರದ ಎತ್ತರ, ಚಕ್ರಗಳ ನಡುವಿನ ಅಗಲ ಮತ್ತು ತಿರುವಿನ ವೇಗ ನಿರ್ಧರಿಸುತ್ತವೆ. ಆ ಮೊತ್ತದಲ್ಲಿ ಮುಂದಿನದಕ್ಕೆಷ್ಟು, ಹಿಂದಿನದಕ್ಕೆಷ್ಟು ಎಂಬ ಪಾಲು ಮಾತ್ರ ನಮ್ಮ ಕೈಯಲ್ಲಿದೆ: ಯಾವ ತುದಿಯನ್ನು ಬಿಗಿ ಮಾಡುತ್ತೇವೋ ಅದಕ್ಕೆ ಹೆಚ್ಚು ಪಾಲು. ಹಿಂದೆ ದಪ್ಪನೆಯ ಆಂಟಿ-ರೋಲ್ ಬಾರ್ (ಎಡ ಬಲ ಚಕ್ರಗಳನ್ನು ಜೋಡಿಸಿ ಕಾರಿನ ವಾಲುವಿಕೆಯನ್ನು ತಡೆಯುವ ಉಕ್ಕಿನ ಸರಳು) ಹಾಕಿದರೆ ಹಿಂದಿನ ಆಕ್ಸಲ್ ಹೆಚ್ಚು ಪಾಲನ್ನು ಹೊತ್ತುಕೊಳ್ಳುತ್ತದೆ, ಮುಂದಿನ ಒಳಗಿನ ಟೈರು ನೆಲವನ್ನು ಇನ್ನಷ್ಟು ಒತ್ತುತ್ತದೆ, ಮೂತಿ ತಿರುಗುತ್ತದೆ. ಆಟೋಕ್ರಾಸ್ ಚಿತ್ರಗಳಲ್ಲಿ ಇಂಥ ಕಾರುಗಳು ಒಳಗಿನ ಹಿಂದಿನ ಚಕ್ರವನ್ನು ಗೇಣುದ್ದ ಮೇಲೆತ್ತಿ ಮೂರೇ ಚಕ್ರಗಳ ಮೇಲೆ ಹೊರಳುವುದು ಈ ಕಾರಣಕ್ಕೇ; ನೋಡುವವರಿಗೆ ಅಪಾಯವೆನಿಸಿದರೂ ಅದು ಸೆಟಪ್ ಕೆಲಸ ಮಾಡುತ್ತಿರುವ ಗುರುತು. ಆದರೆ ಇದಕ್ಕೆ ಮಿತಿಯೂ ಅಲ್ಲೇ ಇದೆ. ಚಕ್ರ ಒಮ್ಮೆ ನೆಲ ಬಿಟ್ಟಿತೆಂದರೆ ಹಿಂದೆ ಸರಿಯಲು ಭಾರವೇ ಉಳಿದಿರುವುದಿಲ್ಲ, ಅಲ್ಲಿಂದಾಚೆ ಸರಿಯುವ ಭಾರವೆಲ್ಲ ಮುಂದಿನ ಟೈರುಗಳ ತಲೆಗೇ ಬರುತ್ತದೆ. ಆಮೇಲೆ ಬಾರ್ ಅನ್ನು ಇನ್ನೂ ದಪ್ಪ ಮಾಡುವುದು ಹಣ ಕಳೆಯುವ ದಾರಿಯಷ್ಟೆ.

ಮುಂದೆ ಮಾಡಬೇಕಾದ ಕೆಲಸವೂ ಇಲ್ಲದಿಲ್ಲ, ಅದರಲ್ಲಿ ಕ್ಯಾಂಬರ್, ಅಂದರೆ ಎದುರಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ಮುಖ್ಯ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿರುವ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಸಸ್ಪೆನ್ಷನ್, ಕಾರು ವಾಲಿದಾಗ ಹೊರಗಿನ ಚಕ್ರವನ್ನು ನೆಟ್ಟಗೆ ಹಿಡಿಯಲಾರದು. ಟೈರು ತನ್ನ ಹೊರ ಅಂಚಿನ ಮೇಲೆ ಮಗುಚಿಕೊಳ್ಳುತ್ತದೆ. ಆದ್ದರಿಂದ ಸ್ಟ್ರಟ್‌ನ ಮೇಲ್ತುದಿಯನ್ನು ಸರಿಸಲು ಬಿಡುವ ಕ್ಯಾಂಬರ್ ಪ್ಲೇಟ್ ಹಾಕಿ ಚಕ್ರದ ಮೇಲ್ಭಾಗವನ್ನು ಮೊದಲೇ ಎರಡೂವರೆ ಮೂರು ಡಿಗ್ರಿ ಒಳಕ್ಕೆ ವಾಲಿಸಿಡುತ್ತಾರೆ. ಇಲ್ಲೇ ಒಂದು ತಪ್ಪು ಪದೇ ಪದೇ ನಡೆಯುತ್ತದೆ. ಅಂದಕ್ಕೆಂದು ಕಾರನ್ನು ತೀರಾ ಕೆಳಗಿಳಿಸಿದರೆ ಚಕ್ರವನ್ನು ಹಿಡಿದಿರುವ ಕೆಳಗಿನ ತೋಳು ಹೊರತುದಿಯಲ್ಲಿ ಮೇಲೆದ್ದು ನಿಲ್ಲುತ್ತದೆ, ರೋಲ್ ಸೆಂಟರ್ (ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಅದು) ಗುರುತ್ವ ಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿಯುತ್ತದೆ, ಕಾರು ಮೊದಲಿಗಿಂತ ಹೆಚ್ಚು ವಾಲಲು ನೋಡುತ್ತದೆ. ತಗ್ಗಿದ ಕಾರು ಎಲ್ಲಾ ಸಂದರ್ಭದಲ್ಲೂ ಚೆನ್ನಾಗಿ ತಿರುಗುತ್ತದೆ ಎಂಬ ನಂಬಿಕೆಯನ್ನು ನಾನಂತೂ ಬಿಟ್ಟಿದ್ದೇನೆ.

ಖರ್ಚಿಲ್ಲದ ಸಾಧನವೆಂದರೆ ಟೈರಿನ ಗಾಳಿ ಮತ್ತು ಒಂದು ತುಂಡು ಸೀಮೆಸುಣ್ಣ. ಟ್ರೆಡ್‌ನ ಅಂಚಿನಿಂದ ಪಕ್ಕದ ಗೋಡೆಯವರೆಗೆ ಅಡ್ಡಗೆರೆ ಎಳೆದು ಒಂದು ಸುತ್ತು ಓಡಿಸಿ ಬಂದು ನೋಡಬೇಕು. ಗೋಡೆಯ ಮೇಲಿನ ಪುಟ್ಟ ತ್ರಿಕೋನದ ಗುರುತನ್ನೂ ದಾಟಿ ಸುಣ್ಣ ಅಳಿಸಿಹೋಗಿದ್ದರೆ ಗಾಳಿ ಕಡಿಮೆಯಿದೆ. ಟ್ರೆಡ್‌ನ ಅಂಚಿನಲ್ಲೇ ಸುಣ್ಣ ಉಳಿದಿದ್ದರೆ ಹೆಚ್ಚಾಗಿದೆ. ಮುಂದಿನದು ಸರಿಹೋದ ಮೇಲೂ ಮೂತಿ ತಿರುಗದಿದ್ದರೆ ಹಿಂದಿನ ಟೈರುಗಳಿಗೆ ಸ್ವಲ್ಪ ಸ್ವಲ್ಪವೇ ಗಾಳಿ ಏರಿಸಿ ಅವುಗಳ ಹಿಡಿತ ಇಳಿಸುವುದು ಹಳೆಯ ಉಪಾಯ.

ತಿರುವಿನಿಂದ ಹೊರಬರುವಾಗ ಮಾತ್ರ ಕಾಣಿಸುವ ಅಂಡರ್‌ಸ್ಟಿಯರ್‌ನ ಕಥೆ ಬೇರೆ. ಭಾರ ಕಳೆದುಕೊಂಡ ಒಳಗಿನ ಮುಂದಿನ ಚಕ್ರ ಆಕ್ಸಿಲರೇಟರ್ ಒತ್ತಿದೊಡನೆ ಗಿರ್ರನೆ ಸುತ್ತುತ್ತದೆ, ಎಂಜಿನ್ನಿನ ಬಲವನ್ನು ಎಡ ಬಲ ಚಕ್ರಗಳಿಗೆ ಹಂಚುವ ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಸಮಾನ ಬಲವನ್ನಷ್ಟೇ ಕೊಡಬಲ್ಲದಾದ್ದರಿಂದ ಹೊರಗಿನದೂ ಸೊರಗುತ್ತದೆ. ಇದಕ್ಕೆ ಉತ್ತರ, ಒಂದೇ ಚಕ್ರ ವ್ಯರ್ಥವಾಗಿ ಸುತ್ತುವುದನ್ನು ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಪ್ರವೇಶದಲ್ಲಿ ಬರುವ ಅಂಡರ್‌ಸ್ಟಿಯರ್ ಆದರೋ ಬಹಳ ಸಲ ಕಾರಿನದ್ದಲ್ಲ, ಚಾಲಕನದ್ದು: ಅದೇ ತಿರುವಿಗೆ ತುಸು ನಿಧಾನವಾಗಿ ಹೊಕ್ಕು ನೋಡಿದಾಗ ಅದು ಮಾಯವಾದರೆ ಸ್ಪ್ಯಾನರ್ ಪೆಟ್ಟಿಗೆಯಲ್ಲೇ ಇರಲಿ.

ರೇಸ್ ಟ್ರ್ಯಾಕಿನಲ್ಲಿ ಸ್ವಂತ ಕಾರು ಓಡಿಸುವ ಟ್ರ್ಯಾಕ್ ಡೇಗೆ ಹೋಗುವಾಗ ಇದೇ ಸೆಟಪ್ ಅನ್ನು ಹಾಗೆಯೇ ಒಯ್ಯಬಾರದು. ಕೋನ್‌ಗಳ ನಡುವೆ ಚುರುಕೆನಿಸಿದ ಹಿಂದಿನ ಟೋ-ಔಟ್ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗ ತುಸು ಹೊರಕ್ಕೆ ತಿರುಗಿರುವುದು) ಮತ್ತು ಬಿಗಿ ಬಾರ್, ಗಂಟೆಗೆ 150 ಕಿ.ಮೀ. ವೇಗದ ತಿರುವಿನ ನಡುವೆ ಕಾಲು ತೆಗೆದ ಕ್ಷಣದಲ್ಲಿ ಬಾಲವನ್ನು ಹೊರಗೆಸೆಯಬಲ್ಲವು. ಹಿಂದಿನ ಟೋವನ್ನು ಸೊನ್ನೆಗೋ ಸ್ವಲ್ಪ ಒಳಕ್ಕೋ ತಂದು, ಬಾರ್ ಅನ್ನು ಅದರ ತುದಿಯ ಹೊಂದಾಣಿಕೆ ರಂಧ್ರಗಳಲ್ಲಿ ಒಂದು ರಂಧ್ರದಷ್ಟು ಸಡಿಲಿಸಿ, ಮಳೆ ಬಂದರೆ ಇನ್ನೂ ಸಡಿಲಿಸಬೇಕು. ಅಲ್ಲದೆ 20 ನಿಮಿಷದ ಸೆಷನ್‌ನಲ್ಲಿ ಮೊದಲ ಸುತ್ತುಗಳಲ್ಲಿ ಇಲ್ಲದ ಅಂಡರ್‌ಸ್ಟಿಯರ್ ಆಮೇಲೆ ನಿಧಾನವಾಗಿ ತಲೆಯೆತ್ತಿದರೆ ಅದು ಸೆಟಪ್‌ನ ದೋಷವಲ್ಲ, ಮುಂದಿನ ಟೈರುಗಳು ಬಿಸಿ ಮೀರಿವೆ. ಒಂದು ಸುತ್ತು ಮೆಲ್ಲಗೆ ಓಡಿಸಿದರೆ ಹಿಡಿತ ಮರಳುತ್ತದೆ.